ಪಾರ್ವತಿಯ ಹೊಸ ದನಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾನು ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಊರು ಉಡುಪಿ ಕಡೆ, ಮನೆಮಾತು ತುಳು. ಕ್ವಾರ್ಟರ್ಸಿನಲ್ಲಿ ಒಬ್ಬಳೇ. ಡ್ಯೂಟಿ ಮುಗಿಸಿ ಬಾಗಿಲು ಹಾಕಿಕೊಂಡರೆ ಮರುದಿನದವರೆಗೆ ಯಾರೊಂದಿಗೂ ಮಾತಿಲ್ಲ.

ಆ ಮಳೆಗಾಲದ ಕೊನೆಯಲ್ಲಿ ಭಾಗಮಂಡಲದ ಕಡೆಯಿಂದ ಪಾರ್ವತಿ ಎಂಬ ಹೆಂಗಸನ್ನು ಜೀಪಿನಲ್ಲಿ ತಂದರು. ಡಿಫ್ತೀರಿಯಾ, ಜನ ಗಂಟಲಮಾರಿ ಎನ್ನುವ ಕಾಯಿಲೆ. ಗಂಟಲೊಳಗೆ ಪೊರೆ ಕಟ್ಟಿ, ತುಟಿ ನೀಲಿಯಾಗಿತ್ತು. ಸರ್ಜನ್ ತಕ್ಷಣ ಟ್ರೇಕಿಯಾಸ್ಟಮಿ ಮಾಡಿದರು. ಅಂದರೆ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಲೋಹದ ಟ್ಯೂಬ್ ಇಟ್ಟರು. ಜೀವ ಉಳಿಯಿತು. ಆದರೆ ಉಸಿರು ಧ್ವನಿತಂತುಗಳನ್ನು ಮುಟ್ಟುವ ಮೊದಲೇ ಟ್ಯೂಬಿನಿಂದ ಹೊರಹೋಗುವುದರಿಂದ ದನಿ ಹೊರಡುತ್ತಿರಲಿಲ್ಲ.

ಅಂಟುರೋಗವಾದ್ದರಿಂದ ಅವಳನ್ನು ಐಸೋಲೇಶನ್ ವಾರ್ಡಿನಲ್ಲಿ ಇಟ್ಟೆವು. ಗಂಡ ಬೆಳ್ಯಪ್ಪ ಸಂತೆಯ ದಿನ ಬಂದು ಕಿಟಕಿಯಾಚೆ ನಿಲ್ಲುತ್ತಿದ್ದ. ಅವಳಿಗೆ ಕಿವಿಯೂ ಕೇಳದೇನೋ ಎಂಬಂತೆ ಗಟ್ಟಿಯಾಗಿ ಎರಡು ಮಾತಾಡಿ, ಉತ್ತರ ಬಾರದೆ ತಲೆ ತಗ್ಗಿಸಿ ಹೋಗುತ್ತಿದ್ದ. ಆಯಾಗಳೂ ಗಂಜಿ ಇಟ್ಟು ಸುಮ್ಮನೆ ಹೊರಡುತ್ತಿದ್ದರು. ಉತ್ತರ ಕೊಡಲಾರದವರೊಂದಿಗೆ ಜನ ಎಷ್ಟು ಬೇಗ ಮಾತು ನಿಲ್ಲಿಸುತ್ತಾರೆಂದು ನಾನು ಅಲ್ಲಿ ಕಂಡೆ.

ಸೋಂಕು ಇಳಿದ ಮೇಲೆ ಸರ್ಜನ್ ಸಣ್ಣ ಅಳತೆಯ ಟ್ಯೂಬ್ ಹಾಕಿ ನನ್ನನ್ನು ಕರೆದರು.

“ಸ್ಪೀಚ್ ಥೆರಪಿ ಗೊತ್ತಿರುವವರು ಇಲ್ಲಿ ಯಾರೂ ಇಲ್ಲ. ನೀವೇ ಕಲಿಸಬೇಕು, ಸಿಸ್ಟರ್.”

ವಿಧಾನವನ್ನೂ ತೋರಿಸಿದರು. ಉಸಿರು ಬಿಡುವಾಗ ಟ್ಯೂಬಿನ ಬಾಯನ್ನು ಶುಚಿಯಾದ ಬೆರಳಿನಿಂದ ಮುಚ್ಚಬೇಕು. ಆಗ ಗಾಳಿ ಟ್ಯೂಬಿನ ಪಕ್ಕದಿಂದ ಮೇಲೇರಿ ಧ್ವನಿತಂತುಗಳು ಕಂಪಿಸುವಂತೆ ಮಾಡುತ್ತದೆ.

ಪಾರ್ವತಿ ನನ್ನ ಕೈ ತಳ್ಳಿದಳು. ಮತ್ತೆ ಉಸಿರು ಕಟ್ಟೀತೆಂಬ ಭಯ. “ನಿನ್ನ ಬೆರಳನ್ನೇ ಇಡು. ಬೇಡ ಅನ್ನಿಸಿದ ಕೂಡಲೇ ತೆಗಿ” ಎಂದೆ. ಆಗ ಒಪ್ಪಿದಳು. ಮೊದಲು ‘ಆ’ ಎಂಬ ಒರಟು ಸದ್ದು, ಕೆಲವು ದಿನಗಳಲ್ಲಿ ‘ಅವ್ವ’, ಆಮೇಲೆ ಮಗಳ ಹೆಸರು. ನಾನು ತುಳುವಿನಲ್ಲಿ ಒಂದು ಪದ ಹೇಳಿದರೆ ಅವಳು ಅದನ್ನೇ ತನ್ನ ಮನೆಮಾತಾದ ಅರೆಭಾಷೆಯಲ್ಲಿ ಹೇಳುತ್ತಿದ್ದಳು. ಡ್ಯೂಟಿ ಮುಗಿದರೂ ನಾನು ಎದ್ದು ಹೋಗುತ್ತಿರಲಿಲ್ಲ.

ಟ್ಯೂಬ್ ತೆಗೆದು ಗಾಯ ಮಾಗಿದ ಮೇಲೆ ಬೆಳ್ಯಪ್ಪ ನಾಲ್ಕು ವರ್ಷದ ಮಗಳನ್ನು ಕರೆತಂದ.

“ಗೌರೀ” ಎಂದಳು ಪಾರ್ವತಿ. ಕಾಯಿಲೆಯಿಂದ ಅಂಗುಳು ಸೋತು, ಅರ್ಧ ಮೂಗಿನಿಂದ ಹೊರಡುವ ಕರಕರ ದನಿ.

ಮಗು ಅಪ್ಪನ ಹಿಂದೆ ಸರಿಯಿತು. “ಅವ್ವನ ಒಳಗೆ ಯಾರು ಮಾತಾಡುದು?”

ಪಾರ್ವತಿ ಬಾಯಿ ಮುಚ್ಚಿದಳು. ಮರುದಿನ ಅಭ್ಯಾಸಕ್ಕೆ ಕರೆದರೆ, “ನಂಗೆ ಈ ದನಿ ಬೇಡ, ಸಿಸ್ಟರ್” ಎಂದು ಪಿಸುಗುಟ್ಟಿ ಗೋಡೆಗೆ ತಿರುಗಿದಳು.

ಮಡಿಕೇರಿಯಲ್ಲೇ ಇದ್ದ ತನ್ನ ಅಕ್ಕನ ಮನೆಯಲ್ಲಿ ಉಳಿದು ಮಗುವನ್ನು ದಿನವೂ ಕರೆತರುವಂತೆ ಬೆಳ್ಯಪ್ಪನಿಗೆ ಹೇಳಿದೆ. ಗೌರಿ ಹತ್ತಿರ ಬರಲು ಮೂರ್ನಾಲ್ಕು ದಿನ ಹಿಡಿಯಿತು. ಒಂದು ಬೆಳಿಗ್ಗೆ ಅವಳ ಅಂಗೈಯನ್ನು ತಾಯಿಯ ಎದೆಯ ಮೇಲೆ ಇರಿಸಿ, “ಈಗ ಕರೆ” ಎಂದೆ. ಪಾರ್ವತಿ ಮಗಳ ಕೈಯ ಮೇಲೆ ತನ್ನ ಕೈ ಇಟ್ಟು ಕರೆದಳು. ಅಂಗೈಗೆ ದನಿಯ ನಡುಕ ತಾಗಿ ಮಗು ನಕ್ಕಿತು.

“ಅವ್ವನೇ! ಇನ್ನೊಮ್ಮೆ ಹೇಳ್!”

ಮೂಗಿನ ದನಿ ಕ್ರಮೇಣ ಸರಿಹೋಯಿತು, ಕರಕರ ಉಳಿಯಿತು. ಅವರು ಊರಿಗೆ ಹೊರಟ ಸಂಜೆ ನಾನು ಕ್ವಾರ್ಟರ್ಸಿಗೆ ಮರಳಿ, ದೀಪ ಹಚ್ಚದೆ ಕುಳಿತೆ. ಅಷ್ಟು ದಿನ ಮಾತಿನ ಅಭ್ಯಾಸ ಬೇಕಾಗಿದ್ದುದು ಅವಳೊಬ್ಬಳಿಗೇ ಆಗಿರಲಿಲ್ಲ.

ನಿವೃತ್ತಳಾಗುವವರೆಗೂ, ಟ್ಯೂಬ್ ಹಾಕಿದ ಪ್ರತಿಯೊಬ್ಬರ ಮನೆಯವರಿಗೆ ಔಷಧಿಗಿಂತ ಮೊದಲು ಇದನ್ನೇ ಹೇಳುತ್ತಿದ್ದೆ: “ಅವರೊಡನೆ ಮಾತಾಡಿ. ಆಡಿದ ಮೇಲೆ ಉತ್ತರಕ್ಕೆ ಕಾಯಿರಿ.”