ಹಸಿರು ಬಂತು, ಮುಗೀತು

ಅವ್ವನನ್ನು ಸೇರಿಸಿದ್ದ ವಾರ್ಡಿನ ಸಿಸ್ಟರ್ ರೋಗಿಗಳ ಮುಖ ನೋಡುತ್ತಿರಲಿಲ್ಲ. ಹೆಸರಿನ ಕೈಪಟ್ಟಿ ತುರಿಸುತ್ತದೆಂದು ಅವರು ಗೊಣಗಿದ್ದಕ್ಕೆ, ಎಲ್ಲವನ್ನೂ ಬಿಚ್ಚಿ ಅವರವರ ಮಂಚದ ಸರಳಿಗೆ ಕಟ್ಟಿದ್ದರು. ಪಟ್ಟಿಯ ಹೆಸರಿಗೂ ಔಷಧಿಗೂ ಹೊಂದಿದರೆ ಹಸಿರು ದೀಪ ತೋರಿಸುವ ಹೊಸ ಯಂತ್ರವನ್ನು ಅದಕ್ಕೆ ಹಿಡಿದು, "ಹಸಿರು ಬಂತು, ಮುಗೀತು" ಎಂದು ಸೂಜಿ ಚುಚ್ಚುತ್ತಿದ್ದರು.

ಅಂದು ಅವ್ವ ಕಿಟಕಿಯ ಗಾಳಿಗೆಂದು, ಅಲ್ಲಿ ಮಲಗುತ್ತಿದ್ದ ಧರ್ಮಪುರದ ಅಜ್ಜಿಯೊಡನೆ ಮಂಚ ಬದಲಾಯಿಸಿಕೊಂಡಿದ್ದಳು. ಕೈಪಟ್ಟಿಗಳು ಇದ್ದಲ್ಲೇ ಉಳಿದಿದ್ದವು. ನಾನು ಟೀ ಹಿಡಿದು ಬಾಗಿಲಿಗೆ ಬಂದಾಗ ಅವ್ವನ ದನಿ ಕೇಳಿಸಿತು.

"ನಂಗೆ ಸಕ್ಕರೆ ಕಾಯ್ಲೆನೇ ಇಲ್ಲ ಕಣಮ್ಮ."

"ಸುಮ್ನಿರವ್ವ, ಮಿಷನ್‌ಗಿಂತ ನಿಂಗೆ ಜಾಸ್ತಿ ಗೊತ್ತೈತಾ?"

ನಾನು ತಲುಪುವಷ್ಟರಲ್ಲಿ ಅಜ್ಜಿಯ ಇನ್ಸುಲಿನ್ ಅವ್ವನ ಮೈಗೆ ಇಳಿದಿತ್ತು. ಸ್ವಲ್ಪ ಹೊತ್ತಿಗೆ ಅವಳು ಬೆವೆತು, ತೊದಲಿ, ಎಚ್ಚರ ತಪ್ಪಿದಳು. ಡಾಕ್ಟರು ಗ್ಲೂಕೋಸ್ ಕೊಟ್ಟು ಉಳಿಸಿದರು.

"ಹೆಸರು ಕೇಳಾಕೆ ಏನ್ರಿ ಕಷ್ಟ ನಿಮಗೆ?" ಎಂದು ಸಿಸ್ಟರನ್ನು ಕೇಳಿದೆ.

"ನೀವೇ ನೋಡ್ರಿ, ಹಸಿರೇ ಐತೆ," ಎಂದು ಯಂತ್ರ ತೋರಿಸಿದರು.

ಅವ್ವನ ಬರಿದಾದ ಮಣಿಕಟ್ಟನ್ನು ಎತ್ತಿ ಹಿಡಿದೆ. ಆಗಲೂ ಅವರು ಮಂಚದ ಸರಳನ್ನೇ ನೋಡುತ್ತಿದ್ದರು.