ಸಾಬಾದ ಬಾವುಟ ಹಿಡಿದ ಕಾಕಾ

ನೆದರ್ಲೆಂಡ್ಸಿನ ಆಲ್ಮೆರೆಯಲ್ಲಿ ನಮ್ಮ ಪಕ್ಕದ ಮನೆಯ, ಬಾವುಟಗಳ ಹುಚ್ಚಿನ ಧಾರವಾಡದ ಕಾಕಾ, ಕೆರಿಬಿಯನ್ನಿನ ಪುಟ್ಟ ಡಚ್ ದ್ವೀಪ ಸಾಬಾವನ್ನು ಕಂಡವರೇ ಅಲ್ಲ. ಆದರೂ ಅದರ ಲಾಂಛನದಲ್ಲಿ ಆಲೂಗಡ್ಡೆ ಗಿಡ ಯಾಕಿದೆಯೆಂದು ಬೀದಿಗೆಲ್ಲ ಪಾಠ ಹೇಳುತ್ತಿದ್ದರು. “ಬಾವುಟ ಅಂದ್ರ ಹುಡುಗಾಟ ಅಲ್ರೀ” ಎನ್ನುವುದು ಅವರ ಪಲ್ಲವಿ.

ಇಲ್ಲಿ ಮಕ್ಕಳು ಶಾಲೆಯ ಕೊನೆಯ ಪರೀಕ್ಷೆ ಪಾಸಾದರೆ ಮನೆ ಮುಂದೆ ಬಾವುಟ ಹಾರಿಸಿ, ಅದೇ ಕೋಲಿಗೆ ಹಳೇ ಸ್ಕೂಲ್ ಬ್ಯಾಗ್ ನೇತುಹಾಕುತ್ತಾರೆ. ಜೂನ್‌ನಲ್ಲಿ ಪಾಸಾದ ಕಾಕಾರ ಮಗಳಿಗೂ ಅದೇ ಬೇಕಾಯಿತು. “ಬಾವುಟದ ಜೋಡಿ ಚೀಲಾ? ಛೀ!” ಎಂದ ಕಾಕಾ, ಕೋಲಿಗೆ ಬ್ಯಾಗ್ ಮಾತ್ರ ಕಟ್ಟಿ, ತಮ್ಮ ಮೆಚ್ಚಿನ ಸಾಬಾದ ಬಾವುಟವನ್ನು ತಾವೇ ಎತ್ತಿ ಹಿಡಿದು ಬಾಗಿಲ ಮುಂದೆ ನಿಂತುಬಿಟ್ಟರು.

“ಅಪ್ಪಾ, ಸಾಕು, ಒಳಗ ಬಾ. ಎಲ್ಲಾರೂ ನೋಡಾಕತ್ತಾರ.”

“ಸೂರ್ಯ ಮುಳುಗೂತನಕಾ ಇಳಸೂಹಂಗಿಲ್ಲ, ನನ್ನವ್ವಾ.”

ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ. ಮಗಳು ಪಾಸಾದ ಖುಷಿಯ ಹೋಳಿಗೆಯನ್ನು ಅವರ ಹೆಂಡತಿ ಕಾಕು ಬೀದಿಗೇ ತಂದು ಅವರ ಬಾಯಿಗಿಡಬೇಕಾಯಿತು.