ಮೇಧಾಳ ಮಾಯೆಸ್ತ್ರಾ

ಹ್ಯೂಸ್ಟನ್ನಿನ ಆಗಸ್ಟ್ ಸೆಖೆಯಲ್ಲೂ ಅವರ ಕುತ್ತಿಗೆಗೆ ರೇಷ್ಮೆಯ ಸ್ಕಾರ್ಫೊಂದು ಸುತ್ತಿಕೊಂಡೇ ಇರುತ್ತಿತ್ತು. ಹೊರಗಿನ ಬಿಸಿಲಿಗಲ್ಲ, ಒಳಗಿನ ಏಸಿಗೆ. ಗಂಟಲಿಗೆ ಗಾಳಿ ಹೊಕ್ಕರೆ ಮನುಷ್ಯ ಹಾಸಿಗೆ ಹಿಡಿಯುತ್ತಾನೆ ಎಂಬುದು ಅವರ ದೃಢ ನಂಬಿಕೆ. ಆಟ ಮುಗಿಸಿ ಬೆವರಿಕೊಂಡು ಬಂದ ಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸಿ, ಒಬ್ಬೊಬ್ಬರ ಕತ್ತು ಒರೆಸಿ, ಕಾಲರಿನ ಗುಂಡಿ ಹಾಕಿ ಒಳಗೆ ಬಿಡುತ್ತಿದ್ದರು. ಮೊದಲ ದಿನ ಅದನ್ನು ನೋಡಿ ನನಗೆ ಮೈಸೂರಿನ ನಮ್ಮಜ್ಜಿ ನೆನಪಾದರು. ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಅವರು ಬಸ್ಸು ಹತ್ತಿದವರಲ್ಲ.

ಇವರು ನನ್ನ ಮಗಳು ಮೇಧಾಳ ಟೀಚರ್. ಇಟಾಲಿಯನ್ನಿನಲ್ಲಿ ಟೀಚರಿಗೆ ಮಾಯೆಸ್ತ್ರಾ ಎನ್ನುತ್ತಾರೆ. ಮಕ್ಕಳ ಜೊತೆಗೆ ನಾವೂ ಹಾಗೇ ಕರೆಯುತ್ತಿದ್ದೆವು. ಆ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಅರ್ಧ ದಿನ ಇಂಗ್ಲಿಷ್, ಅರ್ಧ ದಿನ ಇಟಾಲಿಯನ್. ಕನ್ನಡದವರಿಗೆ ಇದೇಕೆ ಎಂದು, ನಮ್ಮ ಮನೆಯಿದ್ದ ಶುಗರ್ ಲ್ಯಾಂಡಿನ ಗೆಳೆಯರೆಲ್ಲ ಕೇಳುತ್ತಿದ್ದರು. ನನ್ನ ಗಂಡ ಪೈಪ್‌ಲೈನ್ ಎಂಜಿನಿಯರ್. ಹ್ಯೂಸ್ಟನ್ನಿಗೆ ಶಿಫ್ಟ್ ಆಗುವ ಮುಂಚೆ ಅವರ ಕೆಲಸದ ಮೇಲೆ ಮಿಲಾನಿನಲ್ಲಿದ್ದೆವು. ಮೇಧಾ ಮಾತು ಕಲಿತದ್ದೇ ಅಲ್ಲಿ. "ಬಾಯಿಗೆ ಬಂದಿರೋ ಭಾಷೇನ ಯಾಕೆ ಬಿಡಿಸ್ಬೇಕು?" ಎಂದು ಹಟ ಹಿಡಿದು ಅವರೇ ಈ ಸ್ಕೂಲಿಗೆ ಸೇರಿಸಿದರು. ನನ್ನ ಜೊತೆ ಅವಳಿಗೆ ಕನ್ನಡ, ಅಪ್ಪನ ಜೊತೆ ಇಟಾಲಿಯನ್. ಬೆಳಿಗ್ಗೆ ಅಪ್ಪನೇ ಕಾರಿನಲ್ಲಿ ಸ್ಕೂಲಿಗೆ ಬಿಡುತ್ತಿದ್ದುದು. ದಾರಿಯುದ್ದಕ್ಕೂ ಇಬ್ಬರದೂ ಅದೇ ಭಾಷೆಯಲ್ಲಿ ಹರಟೆ. ನನಗೋ ತರಕಾರಿ ಕೊಳ್ಳುವಷ್ಟು ಇಟಾಲಿಯನ್ ಬಂದರೆ ಹೆಚ್ಚು.

ಆ ಕ್ಲಾಸು ನಡೆಯುತ್ತಿದ್ದುದು ಅಪ್ಪ ಅಮ್ಮಂದಿರ ಬಲದಿಂದ. ಇಟಲಿಗೆ ಹೋದವರು ಸೂಟ್‌ಕೇಸಿನಲ್ಲಿ ಬಟ್ಟೆ ಕಡಿಮೆ ಮಾಡಿ ಕಥೆಪುಸ್ತಕ ತುಂಬಿಕೊಂಡು ಬರುತ್ತಿದ್ದರು. ಆಗಾಗ ಎಲ್ಲರೂ ಒಂದೊಂದು ಅಡುಗೆ ತಂದು ಸ್ಕೂಲಿನಲ್ಲೇ ಊಟ. ನಾನೊಮ್ಮೆ ಉಪ್ಪಿಟ್ಟು ಒಯ್ದಿದ್ದೆ. ಮಾಯೆಸ್ತ್ರಾ ಮತ್ತೆ ಬಡಿಸಿಕೊಂಡು, ತಮ್ಮ ಮುರುಕು ಇಂಗ್ಲಿಷಿನಲ್ಲಿ, "ಇದು ನಮ್ಮೂರಿನ ಪೊಲೆಂಟಾ, ಮೆಕ್ಕೆಜೋಳದ ರವೆಯದು. ನೀವು ಕದ್ದುಕೊಂಡು ಹೋಗಿ ಸಾಸಿವೆ ಹಾಕಿದ್ದೀರಿ" ಎಂದರು. ಬಹಳ ಹೊತ್ತು ನಕ್ಕವರು ನನ್ನ ಗಂಡ.

ಮೇಧಾ ಮೂರನೇ ಕ್ಲಾಸಿನಲ್ಲಿದ್ದಾಗ ಅವರು ಆಫೀಸಿನ ಮೀಟಿಂಗಿನಲ್ಲಿ ಕುಸಿದು, ಹಾಗೇ ಹೋಗಿಬಿಟ್ಟರು. ಹೃದಯಾಘಾತ. ಜನ ಬಂದರು. ಫ್ರಿಜ್ಜಿನಲ್ಲಿ ಪುಳಿಯೋಗರೆ ಡಬ್ಬಿಗಳು ತುಂಬಿದವು. ಬಂದವರಿಗೆಲ್ಲ ನಾನು ಕಾಫಿ ಬೇಕಾ ಎಂದು ಕೇಳುತ್ತಿದ್ದೆನಂತೆ. ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಸ್ಕೂಲಿನ ಬೇರೆ ಅಪ್ಪ ಅಮ್ಮಂದಿರು ಸರದಿಯ ಮೇಲೆ ಬಂದು ಮೇಧಾಳನ್ನು ಕರೆದೊಯ್ದು, ತಂದು ಬಿಡುತ್ತಿದ್ದರು. ಯಾವ ದಿನ ಯಾರ ಕಾರು ಬಂತೆಂದೂ ನಾನು ನೋಡುತ್ತಿರಲಿಲ್ಲ.

ಅವಳು ಇಟಾಲಿಯನ್ ಬಿಟ್ಟೇಬಿಟ್ಟಳು. ಮಾಯೆಸ್ತ್ರಾ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ಅಪ್ಪನ ಸುದ್ದಿಯನ್ನು ಯಾವ ಭಾಷೆಯಲ್ಲೂ ಎತ್ತುತ್ತಿರಲಿಲ್ಲ. ಮನೆ ಹತ್ತಿರದ ಸ್ಕೂಲಿಗೆ ಹಾಕುವುದೇ ಸರಿ ಎಂದುಕೊಂಡು ಹೇಳಲು ಹೋದೆ. ಮಾಯೆಸ್ತ್ರಾ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು.

"ಬಿಡಿಸ್ತೀನಿ ಅಂದ್ರೆ ಬಿಡಿಸು. ಆದ್ರೆ ಸ್ವಲ್ಪ ತಾಳು" ಎಂದರು. "ಭಾಷೆ ಬೆಕ್ಕಿನ ಹಾಗೆ. ಕರೆದಷ್ಟೂ ದೂರ ಹೋಗುತ್ತೆ. ಬಾಗಿಲು ತೆಗೆದಿಟ್ಟು ನಮ್ಮ ಕೆಲಸ ನಾವು ಮಾಡ್ತಿರಬೇಕು."

ಆಮೇಲೆ ಶನಿವಾರ ಮಧ್ಯಾಹ್ನಗಳಲ್ಲಿ ನಮ್ಮ ಮನೆಗೆ ಬರತೊಡಗಿದರು. ಪಾಠವಿಲ್ಲ, ಪುಸ್ತಕವಿಲ್ಲ. ಅಡುಗೆಮನೆಯ ಟೇಬಲಿಗೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಎದುರಿಗೆ ಮೇಧಾ ಸುಮ್ಮನೆ ಚಿತ್ರ ಬರೆಯುತ್ತಿದ್ದಳು. ಒಂದು ಶನಿವಾರ ನಾನು ದೋಸೆ ಹುಯ್ಯುತ್ತಾ ಮಗಳಿಗೆ, "ಇನ್ನೊಂದು ಹಾಕ್ಲಾ? ಬೇಕಾ ಬೇಡ್ವಾ, ಹೇಳು" ಎಂದೆ.

"ಬಂದಾಗಲೆಲ್ಲ ಈ ಕೊನೇ ಮಾತು ಕೇಳ್ತೀನಿ. ಏನದರ ಅರ್ಥ?" ಎಂದರು ಮಾಯೆಸ್ತ್ರಾ. ಅರ್ಥ ತಿಳಿಸಿದೆ. ಅವರು ಮೇಧಾಳ ಕಡೆ ತಿರುಗಿ ಬಹಳ ಗಂಭೀರವಾಗಿ, "ಮೇದಾ, ಹೇಲು" ಎಂದರು.

ಮೇಧಾ ಪೆನ್ಸಿಲ್ ಕೆಳಗಿಟ್ಟಳು. ತಡೆಯಲಾರದೆ ನಕ್ಕುಬಿಟ್ಟಳು.

"ಹೇಲು!" ಮಾಯೆಸ್ತ್ರಾ ಇನ್ನೂ ಜೋರಾಗಿ ಕೂಗಿದರು.

"ನೋ, ಮಾಯೆಸ್ತ್ರಾ, ನೋ!" ಎನ್ನುತ್ತಾ ಅವರ ಪಕ್ಕಕ್ಕೆ ಓಡಿದ ಮೇಧಾ, ಬಾಯಿ ಅಗಲಿಸಿ, ನಾಲಿಗೆ ಹಿಂದಕ್ಕೆ ಮಡಚಿ ತೋರಿಸಿ, ಹಾಗಲ್ಲ ಹೀಗೆ ಎಂದು ವಿವರಿಸತೊಡಗಿದಳು. ಅವರ ಬಾಯಿಂದ ಬಂದ ಶಬ್ದಕ್ಕೆ ಏನರ್ಥವೆಂಬುದನ್ನೂ ಬಿಡಿಸಿ ಹೇಳಿದಳು. ಎಲ್ಲವೂ ಇಟಾಲಿಯನ್ನಿನಲ್ಲಿ. ಅವಳಿಗದು ಗೊತ್ತೇ ಆಗಲಿಲ್ಲ. ಮಾಯೆಸ್ತ್ರಾ ಮುಖದಲ್ಲಿ ಏನನ್ನೂ ತೋರಿಸಿಕೊಳ್ಳದೆ ಮತ್ತೆ ಮತ್ತೆ ತಪ್ಪು ಹೇಳುತ್ತಾ ಹೋದರು. ಬೇಕೆಂದೇ ಹಾಗೆ ಮಾಡಿದರೋ, ನಿಜಕ್ಕೂ ನಾಲಿಗೆ ಹೊರಳಲಿಲ್ಲವೋ, ನಾನು ಕೇಳಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಕಾವಲಿಯ ಮೇಲೆ ದೋಸೆ ಸೀಯುತ್ತಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಅಂತೂ ಮೇಧಾ ಆ ಸ್ಕೂಲು ಬಿಡಲಿಲ್ಲ.

ಹೋದ ವರ್ಷ ಮಾಯೆಸ್ತ್ರಾ ಕ್ಯಾನ್ಸರಿನಿಂದ ತೀರಿಕೊಂಡರು. ಕೊನೆಗಾಲದಲ್ಲಿ ಅವರ ಮನೆಗೆ ನಾವೆಲ್ಲ ಊಟ ಒಯ್ಯುತ್ತಿದ್ದೆವು. ಸ್ಕೂಲಿನ ಹಾಲಿನಲ್ಲಿ ಅವರ ನೆನಪಿಗೆಂದು ಸೇರಿದಾಗ, ಈಗ ನನ್ನಷ್ಟೇ ಎತ್ತರವಾಗಿರುವ ಮೇಧಾ ಯಾರೂ ಕರೆಯದೆ ತಾನಾಗಿ ಎದ್ದು ಮುಂದೆ ಹೋದಳು. ಇಟಾಲಿಯನ್ನಿನಲ್ಲಿ ತುಂಬ ಹೊತ್ತು ಮಾತಾಡಿದಳು. ಜನ ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ನಕ್ಕಾಗ ನಾನೂ ನಕ್ಕೆ. ನಡುನಡುವೆ 'ಪಾಪಾ' ಎಂಬ ಮಾತು ಕಿವಿಗೆ ಬಿತ್ತು.

ವಾಪಸು ಬರುವಾಗ ಹೈವೇಯಲ್ಲಿ ಕೇಳಿದೆ: "ಅಲ್ಲಿ ಏನೇನಂದೆ? ನಂಗೊಂದೂ ಅರ್ಥ ಆಗ್ಲಿಲ್ಲ."

"ಅಪ್ಪ ಕಾರಲ್ಲಿ ಮಾಯೆಸ್ತ್ರಾ ಥರ ಆ್ಯಕ್ಟ್ ಮಾಡ್ತಿದ್ರಲ್ಲ, ಅದು. ನಿಂಗೊತ್ತಿಲ್ವಾ ಅಮ್ಮ? ಐ ನೆವರ್ ಟೋಲ್ಡ್ ಯೂ?"

ನನಗೆ ಗೊತ್ತಿರಲಿಲ್ಲ. ಆ ಕಾರಿನೊಳಗಿನ ಒಂದು ಬೆಳಗೂ ನನಗೆ ಗೊತ್ತಿರಲಿಲ್ಲ. ಅಪ್ಪ ಟ್ರಕ್ಕುಗಳಿಗೆ ಹಾಡಿನ ರಾಗದಲ್ಲಿ ಬೈಯುತ್ತಿದ್ದುದು, ಇವಳ ಕ್ರಿಯಾಪದ ತಪ್ಪಾದರೆ ಹಾರನ್ ಒತ್ತುತ್ತಿದ್ದುದು, ಎಲ್ಲವನ್ನೂ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ನನ್ನ ಗಂಡನ ಅಷ್ಟೂ ಬೆಳಗುಗಳು ಆ ಭಾಷೆಯೊಳಗೇ ಇದ್ದವು. ಮಾಯೆಸ್ತ್ರಾ ಅದನ್ನು ಹೋಗಗೊಡಲಿಲ್ಲ.

ಮನೆಗೆ ತಿರುಗುವ ಶುಗರ್ ಲ್ಯಾಂಡಿನ ಎಕ್ಸಿಟ್ ಬಂತು. ನಾನು ಕಾರು ತಿರುಗಿಸಲಿಲ್ಲ. ಅವಳು ಹೇಳುತ್ತಲೇ ಇದ್ದಳು, ನಾನು ನೇರ ಡ್ರೈವ್ ಮಾಡುತ್ತಾ ಹೋದೆ.